ಚೀನೀ ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ‘ರೈಸ್’: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನೀ ಭಾಷಿಕರಿಗೆ ಇಂಗ್ಲಿಷ್ ಕಲಿಸುತ್ತಿರುವ ಅಥವಾ ಚೀನೀ ಸಹೋದ್ಯೋಗಿಗಳೊಂದಿಗೆ ಇಂಗ್ಲಿಷಿನಲ್ಲಿ ವ್ಯವಹರಿಸುತ್ತಿರುವ ಕನ್ನಡಿಗರಿಗಾಗಿ ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ. ಇಲ್ಲಿ ‘ಚೀನೀ’ ಎಂದರೆ ಮ್ಯಾಂಡರಿನ್ ಎಂದೇ ತಿಳಿಯಬೇಕು. ಬೇರೆ ಪ್ರಭೇದದ ಮಾತು ಬಂದಲ್ಲಿ ಅದನ್ನು ಹೇಳಿದ್ದೇನೆ. ಚೀನೀ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿರುವುದರಿಂದ ಅವುಗಳ ಸ್ವರದ ಏರಿಳಿತ ಇಲ್ಲಿ ಕಾಣುವುದಿಲ್ಲ.

‘ರೈಸ್’ನಂಥ ಸಣ್ಣ ಪದದಲ್ಲಿ ಕಲಿಯುವುದಕ್ಕೆ ಏನಿದೆ?

ಪದ ಸಣ್ಣದು, ಮೊದಲ ತಿಂಗಳಿನಲ್ಲೇ ಬರುವಂಥದ್ದು. ಆದರೆ ಅದರ ತಪ್ಪುಗಳು ಮೂರನೆಯ ವರ್ಷದಲ್ಲೂ ಹೋಗುವುದಿಲ್ಲ. ಇದಕ್ಕೆ ಕಾರಣ ಇಂಗ್ಲಿಷಿನ ಸಿರಿವಂತಿಕೆಯಲ್ಲ, ಬಡತನ. ಚೀನೀ ಭಾಷೆಯಲ್ಲಿ ಗದ್ದೆಯಲ್ಲಿ ನಿಂತ ಪೈರು ‘ದಾವ್’, ಸಿಪ್ಪೆ ಬಿಡಿಸಿದ ಕಾಳು ‘ಮಿ’, ಬೆಂದು ಬಟ್ಟಲಿಗೆ ಬಂದದ್ದು ‘ಫಾನ್’. ಇಂಗ್ಲಿಷ್ ಈ ಮೂರಕ್ಕೂ ‘ರೈಸ್’ ಎಂದು ಹೇಳಿ ಸುಮ್ಮನಾಗುತ್ತದೆ. ಆದ್ದರಿಂದ ಚೀನೀ ವಿದ್ಯಾರ್ಥಿಯು ಹೊಸದಾಗಿ ಒಂದು ಪದವನ್ನು ಕಲಿಯುವುದಕ್ಕಿಂತ ಹೆಚ್ಚಾಗಿ, ತನ್ನ ಬಳಿ ಇರುವ ಮೂರು ಪದಗಳನ್ನು ಒಂದರೊಳಗೆ ತುರುಕಿ, ಕಳೆದುಹೋದ ಅರ್ಥವನ್ನು ಅಕ್ಕಪಕ್ಕದ ಪದಗಳಿಂದ ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ. ಭತ್ತ, ಅಕ್ಕಿ, ಅನ್ನ ಎಂದು ಬೇರೆ ಬೇರೆ ಹೇಳುವ ನಾವು ಈ ಪಾಡನ್ನು ಚೆನ್ನಾಗಿ ಬಲ್ಲೆವು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳ ಶಿಕ್ಷಕರಿಗೆ ಇಲ್ಲಿ ಒಂದು ಕಷ್ಟವಿದೆ ಎಂಬುದೇ ಹೊಳೆಯದಿರಬಹುದು. ಕನ್ನಡಿಗರಿಗೆ ಅದು ಮೊದಲ ಪಾಠದಲ್ಲೇ ಹೊಳೆಯುತ್ತದೆ.

ಹಾಗಾದರೆ ದಾವ್ ಎಂದರೆ ಭತ್ತ, ಮಿ ಎಂದರೆ ಅಕ್ಕಿ, ಫಾನ್ ಎಂದರೆ ಅನ್ನ ಎಂದು ಗಟ್ಟಿಮಾಡಿಕೊಂಡರೆ ಸಾಕೇ?

ಆರಂಭಕ್ಕೆ ಸಾಕು, ಮುಂದೆ ಸಾಲದು. ‘ಮಿ’ ಎಂಬುದು ಅಕ್ಕಿಗೆ ಮಾತ್ರ ಮೀಸಲಲ್ಲ. ಸಿಪ್ಪೆ ಕಳೆದ ಸಣ್ಣ ಕಾಳು ಎಂಬುದು ಅದರ ವಿಶಾಲ ಅರ್ಥ. ನವಣೆ ಅವರಿಗೆ ‘ಶಿಯಾವ್‌ಮಿ’, ಅಂದರೆ ಸಣ್ಣ ಮಿ. ಮೆಕ್ಕೆಜೋಳ ‘ಯುಮಿ’. ಬಿಡಿಸಿದ ಕಡಲೆಕಾಯಿ ಬೀಜ ‘ಹುವಾಶಂಗ್‌ಮಿ’. ಒಣಗಿಸಿದ ಸಣ್ಣ ಸಿಗಡಿ ಕೂಡ ‘ಶಿಯಾಮಿ’. ಅಕ್ಕಿಯನ್ನೇ ಸ್ಪಷ್ಟವಾಗಿ ಹೇಳಬೇಕಾದಾಗ ‘ದಾಮಿ’, ಅಂದರೆ ದೊಡ್ಡ ಮಿ, ಎನ್ನುತ್ತಾರೆ. ಹೀಗಾಗಿ ವಿದ್ಯಾರ್ಥಿಯೊಬ್ಬರು ನವಣೆಯನ್ನು ‘ಲಿಟಲ್ ರೈಸ್’ ಎಂದು ಬರೆದರೆ ನಗಬಾರದು. ನಮ್ಮ ಅಂಗಡಿಗಳಲ್ಲೂ ‘ನವಣೆ ಅಕ್ಕಿ’, ‘ಸಾಮೆ ಅಕ್ಕಿ’ ಎಂದೇ ಚೀಟಿ ಅಂಟಿಸಿರುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಮಿಲೆಟ್’ ಆಗಬೇಕು ಎಂದು ತಿದ್ದಿದರೆ ಆಯಿತು. ಅಂದಹಾಗೆ, ನಮ್ಮಲ್ಲಿ ಬಹಳ ಜನರ ಕಿಸೆಯಲ್ಲಿರುವ ಶಿಯೋಮಿ ಫೋನಿನ ಹೆಸರೂ ಈ ನವಣೆಯೇ.

‘ಫಾನ್’ ಇದಕ್ಕಿಂತ ಹೆಚ್ಚು ಕಾಡುವ ಪದ. ಅದಕ್ಕೆ ಅನ್ನ ಎಂಬ ಅರ್ಥದ ಜೊತೆಗೆ ಊಟ ಎಂಬ ಅರ್ಥವೂ ಇದೆ, ಮತ್ತು ದಿನನಿತ್ಯದ ಮಾತಿನಲ್ಲಿ ಎರಡನೆಯ ಅರ್ಥದ ಬಳಕೆಯೇ ಜಾಸ್ತಿ.

‘ಊಟ ಮಾಡೋಣ’ ಎನ್ನುವುದಕ್ಕೆ ಅವರು ‘ಲೆಟ್ಸ್ ಈಟ್ ರೈಸ್’ ಎನ್ನುವುದು ಇದೇ ಕಾರಣಕ್ಕೋ?

ಹೌದು. ‘ಚಿ’ ಎಂದರೆ ತಿನ್ನುವುದು, ‘ಚಿಫಾನ್’ ಎಂದರೆ ಊಟ ಮಾಡುವುದು. ಬೆಳಗಿನ ತಿಂಡಿ ‘ಜಾವ್‌ಫಾನ್’, ಮಧ್ಯಾಹ್ನದ್ದು ‘ವುಫಾನ್’, ರಾತ್ರಿಯದು ‘ವಾನ್‌ಫಾನ್’; ಅಡುಗೆ ಮಾಡುವುದು ‘ಜುವೊಫಾನ್’. ಇವುಗಳಲ್ಲಿ ಯಾವುದರಲ್ಲೂ ಅನ್ನ ಇರಲೇಬೇಕೆಂಬ ನಿಯಮವಿಲ್ಲ. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹುವಾಯ್ ನದಿಯನ್ನು ಸೇರಿಸುವ ಗೆರೆಯ ದಕ್ಷಿಣಕ್ಕೆ ಭತ್ತ, ಉತ್ತರಕ್ಕೆ ಗೋಧಿ ಎಂದು ಸ್ಥೂಲವಾಗಿ ಹೇಳುವ ವಾಡಿಕೆಯಿದೆ. ಆ ಗೆರೆಯ ಉತ್ತರದಲ್ಲಿ ಗೋಧಿಯ ನೂಡಲ್ಸ್ ತಿಂದು ಕೈತೊಳೆದವರೂ ‘ಫಾನ್ ಆಯಿತು’ ಎಂದೇ ಹೇಳುತ್ತಾರೆ.

ಉತ್ತರ ಚೀನಾದ ಒಬ್ಬ ವಿದ್ಯಾರ್ಥಿನಿ ಒಮ್ಮೆ ನನಗೆ ‘ಪ್ಲೀಸ್ ಕಮ್ ಟು ಮೈ ಹೋಮ್ ಟು ಈಟ್ ರೈಸ್’ ಎಂದು ಸಂದೇಶ ಕಳಿಸಿದ್ದರು. ಹೋದರೆ ಮೇಜಿನ ಮೇಲೆ ಗೋಧಿ ಹಿಟ್ಟಿನ ಕಡುಬುಗಳು, ವಿನೆಗರ್, ಹಸಿ ಬೆಳ್ಳುಳ್ಳಿ. ಅನ್ನದ ಒಂದು ಅಗುಳೂ ಇರಲಿಲ್ಲ. ‘ರೈಸ್ ಎಲ್ಲಿ?’ ಎಂದು ಕೇಳಿದೆ. ‘ಇದೇ ರೈಸ್’ ಎಂದು ಕಡುಬಿನ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಅವರು ‘ಫಾನ್’ ಎಂಬುದನ್ನು ನಿಷ್ಠೆಯಿಂದ ಅನುವಾದಿಸಿದ್ದರು, ಅಷ್ಟೆ.

ತಿದ್ದುವ ಬಗೆ ಸುಲಭವಾಗಿದೆ. ಫಾನ್ ಎಂಬುದಕ್ಕೆ ಮೊದಲ ಅರ್ಥವಾಗಿ ‘ಮೀಲ್’ ಎಂದೂ, ಅನ್ನವನ್ನೇ ಹೇಳುವ ‘ಮಿಫಾನ್’ ಎಂಬ ಜೋಡುಪದಕ್ಕೆ ಮಾತ್ರ ‘ರೈಸ್’ ಎಂದೂ ಕಲಿಸಬೇಕು. ಚಿಫಾನ್ ಎಂಬುದು ಇಂಗ್ಲಿಷಿನಲ್ಲಿ ಬರಿಯ ‘ಈಟ್’ ಆಗುತ್ತದೆ, ಕರ್ಮಪದವೇ ಬೇಕಿಲ್ಲ. ‘ಊಟ ಆಯ್ತಾ?’ ಎಂದು ನಾವು ಕುಶಲ ವಿಚಾರಿಸುವ ಹಾಗೆ ಅವರೂ ‘ಚಿಫಾನ್ ಆಯಿತೇ?’ ಎಂದು ಕೇಳುತ್ತಾರೆ. ಅದನ್ನು ಇಂಗ್ಲಿಷಿಗೆ ತಂದರೆ ಕೇಳಿಸಿಕೊಂಡವರು ಆಮಂತ್ರಣವೆಂದು ತಿಳಿಯಬಹುದು ಎಂಬುದನ್ನೂ ಹೇಳಿಕೊಡಬೇಕು.

ಹೋಟೆಲಿಗೂ ‘ಫಾನ್’ ಸೇರಿಕೊಂಡಿದೆ ಎನ್ನುತ್ತಾರೆ, ನಿಜವೇ?

ನಿಜ. ‘ಫಾನ್‌ದಿಯೆನ್’ ಎಂಬುದರ ಬಿಡಿ ಅರ್ಥ ಊಟದ ಅಂಗಡಿ. ಆದರೆ ತಂಗುವ ದೊಡ್ಡ ಹೋಟೆಲುಗಳಿಗೂ ಅದೇ ಹೆಸರು. 1900ರಲ್ಲಿ ಆರಂಭವಾದ ಬೀಜಿಂಗ್ ಹೋಟೆಲಿನ ಚೀನೀ ಹೆಸರು ‘ಬೇಯ್‌ಜಿಂಗ್ ಫಾನ್‌ದಿಯೆನ್’. ನಮ್ಮಲ್ಲಿ ಇದರ ತಿರುವುಮುರುವು ನಡೆದಿದೆ: ತಂಗುವ ಜಾಗದ ಇಂಗ್ಲಿಷ್ ಹೆಸರನ್ನು ಇಡ್ಲಿ ದೋಸೆಯ ಅಂಗಡಿಗೆ ಇಟ್ಟು ‘ಹೋಟೆಲ್’ ಎಂದೆವು. ಒಬ್ಬ ಕನ್ನಡಿಗನೂ ಒಬ್ಬ ಚೀನೀಯನೂ ಇಂಗ್ಲಿಷಿನಲ್ಲಿ ‘ಹೋಟೆಲಿನಲ್ಲಿ ಸಿಗೋಣ’ ಎಂದು ಮಾತಾಡಿಕೊಂಡರೆ ಒಬ್ಬರು ಹಸಿದು, ಇನ್ನೊಬ್ಬರು ಪೆಟ್ಟಿಗೆ ಹಿಡಿದು ಬರುವ ಸಾಧ್ಯತೆ ಇದೆ.

‘ಟೂ ರೈಸಸ್’, ‘ಮೆನಿ ರೈಸ್’ ಎಂಬ ತಪ್ಪುಗಳು ಏಕೆ ಬರುತ್ತವೆ?

ಇಂಗ್ಲಿಷಿನಲ್ಲಿ ‘ರೈಸ್’ ಎಣಿಸಲಾಗದ ನಾಮಪದ. ಅದಕ್ಕೆ ಹಿಂದೆ ಒಂದು, ಎರಡು ಎಂಬ ಸಂಖ್ಯೆ ನೇರವಾಗಿ ಬರುವುದಿಲ್ಲ, ಬಹುವಚನವಾಗುವುದಿಲ್ಲ, ಕ್ರಿಯಾಪದ ಏಕವಚನದಲ್ಲಿರುತ್ತದೆ, ‘ಮೆನಿ’ ಅಲ್ಲ, ‘ಮಚ್’ ಬೇಕು. ಚೀನೀ ಭಾಷೆಯಲ್ಲಿ ನಾಮಪದಗಳನ್ನು ಎಣಿಸಲಾಗುವುವು, ಎಣಿಸಲಾಗದವು ಎಂದು ವ್ಯಾಕರಣವೇ ಬೇರ್ಪಡಿಸಿ ನಿಲ್ಲಿಸುವುದಿಲ್ಲ. ಅಲ್ಲಿ ಪುಸ್ತಕವಾಗಲಿ, ನೀರಾಗಲಿ, ಅಕ್ಕಿಯಾಗಲಿ, ಸಂಖ್ಯೆಗೂ ನಾಮಪದಕ್ಕೂ ನಡುವೆ ಒಂದು ಅಳತೆಪದ ಇರಲೇಬೇಕು. ಅಂದರೆ ಆ ಭಾಷೆಯ ಎಲ್ಲ ನಾಮಪದಗಳೂ ಬಹುಮಟ್ಟಿಗೆ ಇಂಗ್ಲಿಷಿನ ‘ರೈಸ್’ನ ಹಾಗೆಯೇ ನಡೆದುಕೊಳ್ಳುತ್ತವೆ. ಹಾಗಿದ್ದರೆ ಈ ಪದ ಅವರಿಗೆ ಸುಲಭವಾಗಬೇಕಿತ್ತಲ್ಲ ಎಂದು ಕೇಳಬಹುದು. ಆಗಬೇಕಿತ್ತು. ಕೆಡಿಸುವವರು ನಾವು, ಶಿಕ್ಷಕರು. ‘ಇಂಗ್ಲಿಷಿನಲ್ಲಿ ಅಳತೆಪದ ಬೇಡ, ಟೂ ಬುಕ್ಸ್ ಎಂದರೆ ಸಾಕು’ ಎಂದು ಮೊದಲ ವಾರದಲ್ಲಿ ಒತ್ತಿ ಹೇಳುತ್ತೇವೆ. ವಿದ್ಯಾರ್ಥಿ ಅದನ್ನು ನಂಬಿ, ಅಕ್ಕಿಯ ಮುಂದೆ ಇದ್ದ ಅಳತೆಪದವನ್ನೂ ಕಿತ್ತುಹಾಕುತ್ತಾನೆ.

ಆದ್ದರಿಂದ ‘ರೈಸ್’ ವಿಷಯದಲ್ಲಿ ‘ನಿಮ್ಮ ಭಾಷೆಯಲ್ಲಿ ಮಾಡುವಂತೆಯೇ ಮಾಡಿ’ ಎಂದು ಹೇಳುವುದೇ ಒಳ್ಳೆಯ ಪಾಠ. ‘ಯಿ ಲಿ ಮಿ’ ಎಂದರೆ ಒಂದು ಕಾಳು ಅಕ್ಕಿ, ‘ಎ ಗ್ರೇನ್ ಆಫ್ ರೈಸ್’. ‘ಯಿ ವಾನ್ ಫಾನ್’ ಎಂದರೆ ಒಂದು ಬಟ್ಟಲು ಅನ್ನ, ‘ಎ ಬೌಲ್ ಆಫ್ ರೈಸ್’. ‘ಯಿ ದಾಯ್ ಮಿ’ ಎಂದರೆ ಒಂದು ಚೀಲ ಅಕ್ಕಿ, ‘ಎ ಬ್ಯಾಗ್ ಆಫ್ ರೈಸ್’. ‘ಯಿ ಕೋವ್ ಫಾನ್’ ಎಂದರೆ ಒಂದು ತುತ್ತು, ‘ಎ ಮೌತ್‌ಫುಲ್ ಆಫ್ ರೈಸ್’. ‘ಯಿ ಜಿನ್ ಮಿ’ ಎನ್ನುವಾಗ ಮಾತ್ರ ಎಚ್ಚರ ಬೇಕು: ಇಂದಿನ ಚೀನಾದಲ್ಲಿ ಜಿನ್ ಎಂದರೆ 500 ಗ್ರಾಂ, ಆದ್ದರಿಂದ ‘ಹಾಫ್ ಎ ಕಿಲೋ ಆಫ್ ರೈಸ್’ ಎನ್ನಬೇಕು. ‘ಯಿ ದುನ್ ಫಾನ್’ ಎಂಬಲ್ಲಿ ‘ದುನ್’ ಒಂದು ಹೊತ್ತಿನ ಊಟವನ್ನು ಎಣಿಸುವ ಪದವಾದ್ದರಿಂದ ಅಲ್ಲಿ ‘ರೈಸ್’ ಬರಲೇಕೂಡದು. ಅದು ‘ಎ ಮೀಲ್’.

‘ಎಷ್ಟು’ ಎಂಬ ಒಂದೇ ಪದದಿಂದ ‘ಎಷ್ಟು ಅಕ್ಕಿ’, ‘ಎಷ್ಟು ಜನ’ ಎಂದು ನಾವು ನಿಭಾಯಿಸುವಂತೆ ಅವರಿಗೂ ‘ದುವೊಶಾವ್’ ಎಂಬ ಪದ ಎರಡಕ್ಕೂ ಸಲ್ಲುತ್ತದೆ. ‘ಮಚ್’ ಮತ್ತು ‘ಮೆನಿ’ಗಳ ಭೇದವನ್ನು ನಾವೂ ಹೊಸದಾಗಿ ಕಲಿತವರೇ.

ಹಾಗಾದರೆ ‘ರೈಸಸ್’ ಎಂಬ ಬಹುವಚನ ಎಂದೂ ಸರಿಯಲ್ಲವೇ?

ಎರಡು ಕಡೆ ಸರಿ. ಊಟದ ಅಂಗಡಿಯಲ್ಲಿ ‘ಟೂ ಎಗ್ ಫ್ರೈಡ್ ರೈಸಸ್, ಪ್ಲೀಸ್’ ಎಂದರೆ ಎರಡು ತಟ್ಟೆ ಎಂದು ಅರ್ಥ. ಇದು ಮಾತಿಗೆ ಸೀಮಿತ. ಕೃಷಿ ವಿಜ್ಞಾನಿಗಳು ತಳಿಗಳ ಬಗ್ಗೆ ಬರೆಯುವಾಗ ‘ಹೈಬ್ರಿಡ್ ರೈಸಸ್’ ಎನ್ನುವುದುಂಟು. ಪರೀಕ್ಷೆ ಬರೆಯುವ ವಿದ್ಯಾರ್ಥಿಗೆ ಇವೆರಡನ್ನೂ ತೋರಿಸಿ, ಬಳಸಬೇಡ ಎಂದು ಹೇಳುವುದೇ ಕ್ಷೇಮ.

‘ಪ್ಯಾಡಿ’ ಎಂದರೆ ಗದ್ದೆಯೋ ಭತ್ತವೋ?

ಇದು ವ್ಯಾಪಾರದಲ್ಲಿ ಹಣ ಕಳೆಸಬಲ್ಲ ಪ್ರಶ್ನೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಲಯ ಭಾಷೆಯಲ್ಲಿ ‘ಪಾಡಿ’ ಎಂದರೆ ಭತ್ತ. ಇಂಗ್ಲಿಷ್ ಅದನ್ನು ಅಲ್ಲಿಂದ ತೆಗೆದುಕೊಂಡಿತು. ಭಾರತದ ಇಂಗ್ಲಿಷಿನಲ್ಲಿ ಆ ಮೂಲ ಅರ್ಥವೇ ಉಳಿದಿದೆ. ಬೆಂಬಲ ಬೆಲೆಯಲ್ಲಿ ಭತ್ತ ಖರೀದಿ ಎಂಬುದನ್ನು ನಮ್ಮ ಇಂಗ್ಲಿಷ್ ಪತ್ರಿಕೆಗಳು ‘ಪ್ಯಾಡಿ ಪ್ರೊಕ್ಯೂರ್‌ಮೆಂಟ್’ ಎಂದು ಬರೆಯುತ್ತವೆ. ಬ್ರಿಟನ್, ಅಮೆರಿಕಗಳ ಸಾಮಾನ್ಯ ಬಳಕೆಯಲ್ಲಾದರೋ ‘ಪ್ಯಾಡಿ’ ಅಥವಾ ‘ರೈಸ್ ಪ್ಯಾಡಿ’ ಎಂದರೆ ನೀರು ನಿಲ್ಲಿಸಿದ ಗದ್ದೆ. ಚೀನೀ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಪರಿಚಯವಿರುವುದು ಈ ಎರಡನೆಯ ಅರ್ಥ, ಅಂದರೆ ‘ದಾವ್‌ತಿಯೆನ್’. ಅಂಥವರು ನಮ್ಮ ಪತ್ರಿಕೆಯನ್ನು ಓದಿದರೆ ಸರ್ಕಾರ ರೈತರ ಗದ್ದೆಗಳನ್ನೇ ಕೊಂಡುಕೊಳ್ಳುತ್ತಿದೆ ಎಂದು ತಿಳಿದು ಗಾಬರಿಯಾಗುತ್ತಾರೆ.

ಸಿಪ್ಪೆಸಹಿತ ಕಾಳಿಗೆ ಚೀನೀ ಭಾಷೆಯಲ್ಲಿ ‘ದಾವ್‌ಗು’ ಎನ್ನುತ್ತಾರೆ. ಅದಕ್ಕೆ ಭಾರತದಲ್ಲಿ ‘ಪ್ಯಾಡಿ’, ಅಮೆರಿಕದಲ್ಲಿ ‘ರಫ್ ರೈಸ್’. ಶಿಕಾಗೋದ ಮುಂಗಡ ಮಾರುಕಟ್ಟೆಯಲ್ಲಿ ವ್ಯಾಪಾರವಾಗುವುದೂ ‘ರಫ್ ರೈಸ್’ ಹೆಸರಿನಲ್ಲೇ. ಗಿರಣಿಯಿಂದ ಬಂದ ಬಿಳಿ ಅಕ್ಕಿಗೆ ‘ಮಿಲ್ಡ್ ರೈಸ್’. ನೂರು ಕಿಲೋ ಭತ್ತದಿಂದ ಸುಮಾರು 65ರಿಂದ 70 ಕಿಲೋ ಅಕ್ಕಿ ಸಿಗುತ್ತದೆ, ಉಳಿದದ್ದು ಹೊಟ್ಟು ಮತ್ತು ತೌಡು. ಒಪ್ಪಂದದ ಕಾಗದದಲ್ಲಿ ‘ನೂರು ಟನ್ ರೈಸ್’ ಎಂದಷ್ಟೇ ಬರೆದು, ಒಬ್ಬರು ದಾವ್‌ಗು ಎಂದೂ ಇನ್ನೊಬ್ಬರು ದಾಮಿ ಎಂದೂ ಓದಿಕೊಂಡರೆ ಮೂವತ್ತು ಟನ್ನಿನ ಜಗಳ ಹುಟ್ಟುತ್ತದೆ.

ದೊಡ್ಡ ಸಂಸ್ಥೆಗಳ ಹೆಸರುಗಳಲ್ಲಿ ಈ ವ್ಯತ್ಯಾಸ ಹೇಗೆ ಕಾಣುತ್ತದೆ?

ಬಹಳ ಚೆನ್ನಾಗಿ ಕಾಣುತ್ತದೆ. 1960ರಲ್ಲಿ ಫಿಲಿಪ್ಪೀನ್ಸಿನ ಲೋಸ್ ಬಾನ್ಯೋಸ್‌ನಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ರೈಸ್ ರಿಸರ್ಚ್ ಇನ್ಸ್ಟಿಟ್ಯೂಟ್‌ನ ಚೀನೀ ಹೆಸರಿನಲ್ಲಿ ‘ಶುಯ್‌ದಾವ್’ ಇದೆ, ಅಂದರೆ ನೀರಿನ ಪೈರು. ಸಂಶೋಧನೆ ನಡೆಯುವುದು ಗಿಡದ ಮೇಲೆ ತಾನೆ. ವಿಶ್ವಸಂಸ್ಥೆಯು 2004ನೇ ಇಸವಿಯನ್ನು ‘ಇಂಟರ್‌ನ್ಯಾಷನಲ್ ಇಯರ್ ಆಫ್ ರೈಸ್’ ಎಂದು ಸಾರಿದಾಗ ಚೀನೀ ಭಾಷೆಯವರು ಗಿಡ, ಕಾಳು ಎರಡನ್ನೂ ಕೂಡಿಸಿ ‘ದಾವ್‌ಮಿ’ ಎಂದರು. 2021ರಲ್ಲಿ ತೀರಿಕೊಂಡ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರನ್ನು ಇಂಗ್ಲಿಷಿನಲ್ಲಿ ‘ಹೈಬ್ರಿಡ್ ರೈಸ್‌’ನ ಪಿತಾಮಹ ಎನ್ನುತ್ತಾರೆ, ಚೀನೀಯಲ್ಲಿ ಅವರು ಹೈಬ್ರಿಡ್ ಶುಯ್‌ದಾವ್‌ನ ಪಿತಾಮಹ. ಕನ್ನಡಕ್ಕೆ ತರುವಾಗ ನಾವೂ ‘ಹೈಬ್ರಿಡ್ ಭತ್ತ’ ಎನ್ನುತ್ತೇವೆಯೇ ಹೊರತು ‘ಹೈಬ್ರಿಡ್ ಅನ್ನ’ ಎನ್ನುವುದಿಲ್ಲ.

ಅಡುಗೆ ಪುಸ್ತಕದಲ್ಲಿ ‘200 ಗ್ರಾಂ ರೈಸ್’ ಎಂದಿದ್ದರೆ ಅಕ್ಕಿಯೋ ಅನ್ನವೋ?

ಸಾಮಾನ್ಯವಾಗಿ ಅಕ್ಕಿ. ಆದರೆ ಚಿತ್ರಾನ್ನದಂಥ, ಚೀನೀಯರ ‘ಚಾವ್‌ಫಾನ್’ ಎಂಬ ಹುರಿದ ಅನ್ನದಂಥ ಅಡುಗೆಯಲ್ಲಿ ಅನ್ನವೂ ಆಗಿರಬಹುದು. ಇಂಗ್ಲಿಷ್ ತನ್ನ ಬಡತನವನ್ನು ಇಲ್ಲಿ ವಿಶೇಷಣಗಳಿಂದ ನೀಗಿಸಿಕೊಳ್ಳುತ್ತದೆ: ‘ಅನ್‌ಕುಕ್ಡ್ ರೈಸ್’, ‘ಕುಕ್ಡ್ ರೈಸ್’. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೋ ಕ್ಯಾಲರಿ, ನೂರು ಗ್ರಾಂ ಅನ್ನದಲ್ಲಿ ಸುಮಾರು 130. ತೂಕ ಇಳಿಸುವ ಆ್ಯಪ್‌ನಲ್ಲಿ ಬರೆದಿಡುವವರು ಈ ಒಂದು ವಿಶೇಷಣವನ್ನು ಮರೆತರೆ ಲೆಕ್ಕ ತಲೆಕೆಳಗಾಗುತ್ತದೆ.

ಸಮಾಸಪದಗಳನ್ನು ಹೇಗೆ ಕಲಿಸುವುದು?

ವಿಶೇಷಣ ಮೊದಲು, ವಿಶೇಷ್ಯ ಆಮೇಲೆ ಎಂಬ ಕ್ರಮ ಎರಡೂ ಭಾಷೆಗಳಲ್ಲಿ ಒಂದೇ ಆದ್ದರಿಂದ ತೊಂದರೆ ಕಡಿಮೆ. ‘ರೈಸ್ ಸ್ಟ್ರಾ’ ಎಂಬುದು ‘ದಾವ್‌ತ್ಸಾವ್’, ನಮ್ಮ ಭತ್ತದ ಹುಲ್ಲು. ‘ರೈಸ್ ಫ್ಲೋರ್’ ಎಂಬುದು ‘ಮಿಫನ್’, ನಮ್ಮ ಅಕ್ಕಿ ಹಿಟ್ಟು. ಅದೇ ಮಿಫನ್ ಅಕ್ಕಿ ಶ್ಯಾವಿಗೆಯೂ ಆಗುವುದರಿಂದ ಸಂದರ್ಭ ನೋಡಿ ‘ರೈಸ್ ನೂಡಲ್ಸ್’ ಎನ್ನಬೇಕು. ‘ರೈಸ್ ಕುಕ್ಕರ್’ ಎಂಬುದು ‘ದಿಯೆನ್‌ಫಾನ್‌ಗುವೊ’, ಅನ್ನ ಮಾಡುವ ವಿದ್ಯುತ್ ಪಾತ್ರೆ. ಈ ಮೂರು ಜೋಡಿಗಳನ್ನು ಒಟ್ಟಿಗೆ ಬರೆದು ತೋರಿಸಿದರೆ, ಇಂಗ್ಲಿಷಿನ ಒಂದೇ ‘ರೈಸ್’ ಎಲ್ಲಿ ದಾವ್, ಎಲ್ಲಿ ಮಿ, ಎಲ್ಲಿ ಫಾನ್ ಎಂಬುದು ತಾನಾಗಿ ಅರ್ಥವಾಗುತ್ತದೆ.

ಮೋಸ ಮಾಡುವ ಸಮಾಸಗಳೂ ಇವೆ. ಚೀನೀ ಬರಹಗಾರಿಕೆಯ ‘ಶುವಾನ್’ ಕಾಗದವನ್ನು ಇಂಗ್ಲಿಷಿನಲ್ಲಿ ‘ರೈಸ್ ಪೇಪರ್’ ಎಂದು ಕರೆಯುವ ರೂಢಿಯಿದೆ. ಆನ್‌ಹ್ವೇಯ್ ಪ್ರಾಂತದ ಜಿಂಗ್ ಕೌಂಟಿಯಲ್ಲಿ ತಯಾರಾಗುವ, 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಕಾಗದದಲ್ಲಿ ಒಂದು ಜಾತಿಯ ಮರದ ತೊಗಟೆಯೂ ಭತ್ತದ ಹುಲ್ಲೂ ಇರುತ್ತವೆ, ಅಕ್ಕಿ ಇರುವುದಿಲ್ಲ. ವಿಯೆಟ್ನಾಮಿನವರು ಸುತ್ತಿ ತಿನ್ನುವ ‘ರೈಸ್ ಪೇಪರ್’ ನಿಜವಾಗಿಯೂ ಅಕ್ಕಿಯದ್ದೇ. ಹಾಗೆಯೇ ಅಂಟು ಅಕ್ಕಿಯಾದ ‘ನುವೊಮಿ’ಗೆ ‘ಗ್ಲೂಟಿನಸ್ ರೈಸ್’ ಎಂಬ ಹೆಸರಿದ್ದರೂ ಅದರಲ್ಲಿ ಗೋಧಿಯ ಗ್ಲೂಟೆನ್ ಇಲ್ಲ. ‘ಸ್ಟಿಕಿ ರೈಸ್’ ಎಂದರೆ ಗೊಂದಲ ತಪ್ಪುತ್ತದೆ.

ಗಂಜಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಚೀನೀಯರ ‘ಜೋವ್’ ನಮ್ಮ ಗಂಜಿಯೇ. ವಿದ್ಯಾರ್ಥಿಗಳು ಅದಕ್ಕೆ ‘ಪಾರಿಜ್’ ಎಂದು ಬರೆಯುವುದು ಹೆಚ್ಚು; ಆದರೆ ಇಂಗ್ಲೆಂಡಿನವರಿಗೆ ಪಾರಿಜ್ ಎಂದರೆ ಓಟ್ಸ್. ‘ಕಾಂಜೀ’ ಎಂಬುದು ಸರಿಯಾದ ಪದ. ಅದು ತಮಿಳಿನ ಕಂಜಿ. ಪೋರ್ಚುಗೀಸರ ಕಾಲದಲ್ಲಿ ದಕ್ಷಿಣ ಭಾರತದ ಕರಾವಳಿಯಿಂದ ಯುರೋಪಿನವರ ಬಾಯಿಗೆ ಬಂದು, ಇಂದು ಹಾಂಗ್‌ಕಾಂಗಿನ ಗಂಜಿ ಅಂಗಡಿಗಳ ಇಂಗ್ಲಿಷ್ ಫಲಕಗಳ ಮೇಲೆ ಕುಳಿತಿದೆ. ಮಂಗಳೂರಿನ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವರು ಈ ಪದವನ್ನು ಚೀನೀ ವಿದ್ಯಾರ್ಥಿಗೆ ಕಲಿಸುವಾಗ ಕೊಂಚ ಹೆಮ್ಮೆಪಟ್ಟರೆ ತಪ್ಪಿಲ್ಲ.

‘ರೈಸ್’ ಪದವೇ ತಮಿಳಿನ ‘ಅರಿಸಿ’ಯಿಂದ ಬಂದದ್ದಂತೆ?

ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ, ಅಲ್ಲಿಗೆ ಇಟಾಲಿಯನ್ನಿನಿಂದ, ಅದಕ್ಕೂ ಹಿಂದೆ ಲ್ಯಾಟಿನ್ ಮತ್ತು ಗ್ರೀಕಿನ ‘ಓರುಜಾ’ದಿಂದ ಬಂದಿತು ಎಂಬಲ್ಲಿಗೆ ದಾರಿ ಸ್ಪಷ್ಟ. ಗ್ರೀಕರಿಗೆ ಅದು ಪೂರ್ವದಿಂದ ಸಿಕ್ಕಿತು. ಸಂಸ್ಕೃತದ ‘ವ್ರೀಹಿ’ಯನ್ನೂ ಅರಿಸಿಯನ್ನೂ ವಿದ್ವಾಂಸರು ಮುಂದಿಟ್ಟು ಚರ್ಚಿಸುತ್ತಾರೆ. ಪಾಠಕ್ಕೆ ಇದರಿಂದ ಪ್ರಯೋಜನವಿಲ್ಲ.

ಉಚ್ಚಾರಣೆಯಲ್ಲಿ ಗಮನಿಸಬೇಕಾದದ್ದು ಏನು?

ಮೊದಲನೆಯದಾಗಿ ಆರಂಭದ ರಕಾರ. ಕ್ಯಾಂಟನೀಸ್ ಭಾಷಿಕರಿಗೆ ರಕಾರವಿಲ್ಲದೆ ಲಕಾರ ಮಾತ್ರ ಇರುವುದರಿಂದ ‘ರೈಸ್’ ‘ಲೈಸ್’ ಆಗಿ, ಊಟದ ಮೇಜಿನ ಮೇಲೆ ಹೇನುಗಳು ಬಂದುಬಿಡುತ್ತವೆ. ಮ್ಯಾಂಡರಿನ್‌ನವರಿಗೆ ಈ ಕಷ್ಟ ಕಡಿಮೆ. ಅವರ ತೊಡಕು ಕೊನೆಯ ಸಕಾರದಲ್ಲಿದೆ: ಅವರ ಭಾಷೆಯಲ್ಲಿ ಪದ ಸಕಾರದಿಂದ ಮುಗಿಯುವುದಿಲ್ಲವಾದ್ದರಿಂದ ಕೊನೆಗೊಂದು ಸ್ವರ ಅಂಟಿಕೊಳ್ಳುತ್ತದೆ. ಬಸ್ಸು, ರೈಸು, ಗ್ಲಾಸು ಎನ್ನುವ ನಾವು ಇದನ್ನು ಅವರಿಗೆ ತಿದ್ದುವ ಮೊದಲು ಒಮ್ಮೆ ನಮ್ಮ ಮಾತನ್ನೇ ಕೇಳಿಸಿಕೊಳ್ಳಬೇಕು.

ನುಡಿಗಟ್ಟುಗಳನ್ನು ಇಂಗ್ಲಿಷಿಗೆ ತರಬಹುದೇ?

ಕೆಲವನ್ನು ಇಂಗ್ಲಿಷೇ ತೆಗೆದುಕೊಂಡಿದೆ. ‘ತಿಯೆ ಫಾನ್‌ವಾನ್’, ಕಬ್ಬಿಣದ ಅನ್ನದ ಬಟ್ಟಲು, ಎಂದರೆ ಎಂದೂ ಕೈಬಿಡದ ಸರ್ಕಾರಿ ನೌಕರಿ. ಇಂಗ್ಲಿಷಿನಲ್ಲಿ ಅದು ‘ಐರನ್ ರೈಸ್ ಬೌಲ್’ ಆಗಿ ನಿಂತಿದೆ. ಬರಿಯ ‘ರೈಸ್ ಬೌಲ್’ ಎಂದರೆ ಮಾತ್ರ ಬೇರೆ: ಭತ್ತ ಹೇರಳವಾಗಿ ಬೆಳೆಯುವ ಸೀಮೆ. ತುಂಗಭದ್ರಾ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿಯನ್ನು ಇಂಗ್ಲಿಷ್ ಪತ್ರಿಕೆಗಳು ಕರ್ನಾಟಕದ ‘ರೈಸ್ ಬೌಲ್’ ಎನ್ನುತ್ತವೆ, ಕನ್ನಡದಲ್ಲಿ ಅದು ಭತ್ತದ ಕಣಜ. ಚೀನೀಯರೂ ಇಂಥ ಸೀಮೆಗೆ ಬಟ್ಟಲೆನ್ನದೆ ಕಣಜವೆಂದೇ ಹೇಳುತ್ತಾರೆ. ಕೆಲಸಕ್ಕೆ ಬಾರದವನನ್ನು ಅವರು ‘ಫಾನ್‌ತುಂಗ್’, ಅನ್ನದ ಕೊಳಗ, ಎಂದು ಬೈಯುತ್ತಾರೆ. ಕೂಳಿಗೆ ದಂಡ, ಭೂಮಿಗೆ ಭಾರ ಎಂಬ ನಮ್ಮ ಬೈಗುಳದ ರುಚಿ ಅದರಲ್ಲಿದೆ, ಇಂಗ್ಲಿಷಿಗೆ ತಂದರೆ ಬರಿಯ ಪಾತ್ರೆಯಾಗುತ್ತದೆ.

ತರಲೇಬಾರದ ಒಂದು ಮಾತಿದೆ: ‘ಶಂಗ್ ಮಿ ಜು ಚಂಗ್ ಶು ಫಾನ್’. ಹಸಿ ಅಕ್ಕಿ ಬೆಂದು ಅನ್ನವಾಗಿಹೋಯಿತು, ಇನ್ನು ಹಿಂದಿರುಗಿಸಲಾಗದು ಎಂದು ಅರ್ಥ. ವಿದ್ಯಾರ್ಥಿಯೊಬ್ಬರು ಇದನ್ನು ಪದಕ್ಕೆ ಪದವಿಟ್ಟು ‘ದ ರೈಸ್ ಹ್ಯಾಸ್ ಬಿಕಮ್ ರೈಸ್’ ಎಂದು ಬರೆದು ತಂದರು. ಇಂಗ್ಲಿಷಿನಲ್ಲಿ ಏನೂ ನಡೆದೇ ಇಲ್ಲ! ನಾನು ಪಕ್ಕದಲ್ಲಿ ಕನ್ನಡದಲ್ಲಿ ‘ಅಕ್ಕಿ ಅನ್ನವಾಯಿತು’ ಎಂದು ಬರೆದು, ಎರಡು ಬೇರೆ ಪದಗಳ ಕೆಳಗೆ ಎರಡು ಗೆರೆ ಎಳೆದು ತೋರಿಸಿದೆ. ಅವರು ಮಿ ಮತ್ತು ಫಾನ್ ಎಂದು ಆ ಗೆರೆಗಳ ಕೆಳಗೆ ತಮ್ಮ ಅಕ್ಷರಗಳನ್ನು ಬರೆದರು. ಆಮೇಲೆ ಇಬ್ಬರೂ ಕೂಡಿ ಇಂಗ್ಲಿಷ್ ವಾಕ್ಯವನ್ನು ಹೊಡೆದುಹಾಕಿ, ‘ವಾಟ್ಸ್ ಡನ್ ಈಸ್ ಡನ್’ ಎಂದು ಬರೆದೆವು.